ಸೆಲ್ಫ್ ಸೈನ್ಡ್ ಸರ್ಟಿಫಿಕೇಟ್ ಇಟ್ಟುಕೊಂಡು ಸುರಕ್ಷಿತ ವೆಬ್‌ಸಾಕೆಟ್: ಲ್ಯಾಪ್‌ಟಾಪ್‌ನಿಂದ ಫೋನಿನವರೆಗೆ ಹಂತ ಹಂತವಾಗಿ

ಪುಟ ಸರಿಯಾಗಿ ತೆರೆಯುತ್ತದೆ. ವೆಬ್‌ಸಾಕೆಟ್, ಅಂದರೆ ಸರ್ವರ್ ಜೊತೆ ಸದಾ ತೆರೆದಿರುವ ಎರಡೂ ಕಡೆಯ ಸಂಪರ್ಕ, ಮಾತ್ರ ಕನೆಕ್ಟ್ ಆಗುವುದಿಲ್ಲ. ಕನ್ಸೋಲ್‌ನಲ್ಲಿ 1006 (ಸಂಪರ್ಕ ಅಸಹಜವಾಗಿ ಮುಚ್ಚಿತು) ಅಂತ ಒಂದು ಕೋಡ್ ಬಿಟ್ಟರೆ ನಿಮ್ಮ ಪ್ರೋಗ್ರಾಮಿಗೆ ಬೇರೇನೂ ಸಿಗುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಹೇಗೋ ಸರಿಹೋಯಿತು ಅಂದರೆ ಫೋನಿನಲ್ಲಿ ಮತ್ತೆ ಅದೇ ಕತೆ. ಕೊನೆಗೆ ಯಾರೋ ಹೇಳಿದ ಒಂದು ಸಾಲು ಸೇರಿಸಿ ಸರ್ಟಿಫಿಕೇಟ್ (ಸರ್ವರ್‌ನ ಗುರುತಿನ ಚೀಟಿ) ಪರಿಶೀಲನೆಯನ್ನೇ ಆಫ್ ಮಾಡುತ್ತೇವೆ. ಆ ಸಾಲು ಮರೆತುಹೋಗುತ್ತದೆ, ಬಿಡುಗಡೆಯಾದ ಆ್ಯಪ್‌ನೊಳಗೂ ಹಾಗೇ ಉಳಿದುಬಿಡುತ್ತದೆ.

ಇದರಲ್ಲಿ ಸಿಕ್ಕಿಕೊಂಡವರ ಜೊತೆ ಕೂತು ನೋಡಿದಾಗಲೆಲ್ಲ ನನಗೆ ಕಂಡಿದ್ದು ಒಂದೇ. ಕೋಡ್ ತಪ್ಪಿರುವುದು ಕಡಿಮೆ, ಕ್ರಮ ತಪ್ಪಿರುವುದು ಜಾಸ್ತಿ. ಎಲ್ಲರೂ ಆ್ಯಪ್‌ನ ಕಡೆಯಿಂದ ಶುರು ಮಾಡುತ್ತಾರೆ. ಶುರುವಾಗಬೇಕಾದ್ದು ಸರ್ಟಿಫಿಕೇಟ್‌ನಿಂದ. ಆಮೇಲೆ ಸರ್ವರ್, ಕೊನೆಗೆ ಆ್ಯಪ್. ಒಂದೊಂದು ಹಂತ ಮುಗಿದಾಗಲೂ ಪರೀಕ್ಷೆ ಮಾಡಿಯೇ ಮುಂದಕ್ಕೆ ಹೋಗಬೇಕು.

ಕಮಾಂಡುಗಳನ್ನೂ ಎರರ್‌ಗಳನ್ನೂ ಇಲ್ಲಿ ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಎಂದಿನಂತೆ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿಕೊಳ್ಳಿ. ಉದಾಹರಣೆಗೆ ಒಂದು ಸಣ್ಣ ಚಾಟ್ ಆ್ಯಪ್ ಇದೆ ಅಂದುಕೊಳ್ಳೋಣ. ಲ್ಯಾಪ್‌ಟಾಪ್‌ನಲ್ಲಿ ನೋಡ್ (ನೋಡ್.ಜೆಎಸ್) ಸರ್ವರ್, ಅದರ ಐಪಿ ವಿಳಾಸ 192.168.1.20, ಪೋರ್ಟ್ 8443. ಅದೇ ವೈಫೈನಲ್ಲಿ ಒಂದು ಫೋನ್.

## ಕೈ ಹಾಕುವ ಮುನ್ನ: ವೆಬ್‌ಸಾಕೆಟ್ ನಿಮ್ಮನ್ನು ಕೇಳುವುದಿಲ್ಲ

ನಂಬಿಕೆ ಇಲ್ಲದ ಸರ್ಟಿಫಿಕೇಟ್ ಇರುವ ಎಚ್‌ಟಿಟಿಪಿಎಸ್ ಪುಟಕ್ಕೆ ಹೋದರೆ ಬ್ರೌಸರ್ ದೊಡ್ಡ ಎಚ್ಚರಿಕೆ ತೋರಿಸುತ್ತದೆ. 'ಅಡ್ವಾನ್ಸ್ಡ್' ಒತ್ತಿ ಮುಂದೆ ಹೋಗಬಹುದು. ಡಬ್ಲ್ಯುಎಸ್‌ಎಸ್ (ಎನ್‌ಕ್ರಿಪ್ಟ್ ಆದ ವೆಬ್‌ಸಾಕೆಟ್) ವಿಳಾಸಕ್ಕೆ ಜಾವಾಸ್ಕ್ರಿಪ್ಟ್‌ನಿಂದ ಕನೆಕ್ಟ್ ಮಾಡಿದಾಗ ಆ ಎಚ್ಚರಿಕೆಯ ಪುಟವೇ ಬರುವುದಿಲ್ಲ. ಟಿಎಲ್‌ಎಸ್ ಹ್ಯಾಂಡ್‌ಶೇಕ್ (ಎನ್‌ಕ್ರಿಪ್ಟ್ ಆದ ಸಂಪರ್ಕ ಶುರುಮಾಡುವ ಮೊದಲ ಮಾತುಕತೆ) ಬಿದ್ದುಹೋಗುತ್ತದೆ, ಸಾಕೆಟ್ ಮುಚ್ಚಿಕೊಳ್ಳುತ್ತದೆ. ಎರರ್ ಇವೆಂಟ್‌ನೊಳಗೆ ಕಾರಣವನ್ನೂ ಇಟ್ಟಿರುವುದಿಲ್ಲ. ಬೇಕೆಂದೇ ಹಾಗೆ ಮಾಡಿದ್ದಾರೆ. ಕಾರಣ ಹೇಳಿದರೆ ಯಾವುದೋ ವೆಬ್‌ಪುಟ ನಿಮ್ಮ ಮನೆಯ ನೆಟ್‌ವರ್ಕ್‌ನಲ್ಲಿ ಏನೇನಿದೆ ಅಂತ ತಡಕಾಡಬಹುದು.

ಅಂದರೆ ಕನೆಕ್ಟ್ ಮಾಡುವ ಮೊದಲೇ ನಂಬಿಕೆಯ ವ್ಯವಸ್ಥೆ ಆಗಿರಬೇಕು. ಮುಂದಿನ ಎಲ್ಲಾ ಹಂತಗಳೂ ಇದಕ್ಕಾಗಿಯೇ.

ಸುಮ್ನೆ ಡಬ್ಲ್ಯುಎಸ್ (ಎನ್‌ಕ್ರಿಪ್ಟ್ ಆಗದ ವೆಬ್‌ಸಾಕೆಟ್) ಬಳಸಿದರೆ ಸಾಕಲ್ವಾ? ನಿಮ್ಮ ಪುಟವೇ ಎಚ್‌ಟಿಟಿಪಿಎಸ್‌ನಲ್ಲಿದ್ದರೆ, 192.168.1.20ರಂಥ ವಿಳಾಸಕ್ಕೆ ಬರೀ ಡಬ್ಲ್ಯುಎಸ್‌ನಲ್ಲಿ ಹೋಗಲು ಬ್ರೌಸರ್ ಬಿಡುವುದಿಲ್ಲ. ಆಂಡ್ರಾಯ್ಡ್ 9ರಿಂದ ಈಚೆಗೆ ಆ್ಯಪ್‌ಗಳಲ್ಲೂ ಎನ್‌ಕ್ರಿಪ್ಟ್ ಆಗದ ಸಂಪರ್ಕ ತಾನಾಗಿಯೇ ಬಂದ್ ಇರುತ್ತದೆ. ಹಾಗಾಗಿ ಈ ದಾರಿ ಹಿಡಿಯಲೇಬೇಕು.

ಬೇಕಾಗುವ ಸಾಮಾನು ಕಡಿಮೆ. ಸರ್ಟಿಫಿಕೇಟ್ ಮಾಡಿಕೊಡುವ ಎಂಕೆಸರ್ಟ್ ಎಂಬ ಉಚಿತ ಟೂಲ್, ಸರ್ಟಿಫಿಕೇಟ್ ಪರೀಕ್ಷಿಸಲು ಓಪನ್‌ಎಸ್‌ಎಸ್‌ಎಲ್, ಟರ್ಮಿನಲ್‌ನಿಂದ ವೆಬ್‌ಸಾಕೆಟ್‌ಗೆ ಕನೆಕ್ಟ್ ಆಗಲು ಡಬ್ಲ್ಯುಎಸ್‌ಕ್ಯಾಟ್, ಆಂಡ್ರಾಯ್ಡ್ ಕೆಲಸವಿದ್ದರೆ ಲ್ಯಾಪ್‌ಟಾಪ್‌ನಿಂದ ಫೋನಿಗೆ ಕಮಾಂಡ್ ಕೊಡುವ ಎಡಿಬಿ. ಇವನ್ನು ಮೊದಲೇ ಹಾಕಿಟ್ಟುಕೊಳ್ಳಿ.

## ಹಂತ 1: ನಿಮ್ಮದೇ ಒಂದು ಪುಟ್ಟ ಸಿಎ ಮಾಡಿಕೊಳ್ಳಿ

ಸಿಎ ಅಂದರೆ ಸರ್ಟಿಫಿಕೇಟ್ ಅಥಾರಿಟಿ, ಬೇರೆ ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕಿ ಖಾತ್ರಿ ಕೊಡುವುದು. ಸೆಲ್ಫ್ ಸೈನ್ಡ್ ಅಂದರೆ ತನಗೆ ತಾನೇ ಸಹಿ ಹಾಕಿಕೊಂಡ ಸರ್ಟಿಫಿಕೇಟ್. ಒಂದೇ ಫೈಲ್ ಮಾಡಿ ಅದನ್ನೇ ಸರ್ವರ್‌ಗೂ ಕೊಟ್ಟು, ಅದನ್ನೇ ನಂಬು ಅಂತ ಆ್ಯಪ್‌ಗೂ ಹೇಳಬಹುದು. ಕೆಲವು ಕಡೆ ಇದು ನಡೆಯುತ್ತದೆ. ಆದರೆ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾಗೆ ಮಾಡಿದ ಸರ್ಟಿಫಿಕೇಟ್‌ಗೆ ಸಾಮಾನ್ಯವಾಗಿ 'ಇದು ಸಿಎ' ಎಂಬ ಗುರುತು ತಾನಾಗಿಯೇ ಬಿದ್ದಿರುತ್ತದೆ. ಸಿಎ ಸರ್ಟಿಫಿಕೇಟನ್ನೇ ಸರ್ವರ್‌ನ ಸರ್ಟಿಫಿಕೇಟ್ ಆಗಿ ಬಳಸಿದರೆ ಫೈರ್‌ಫಾಕ್ಸ್ ಒಪ್ಪುವುದಿಲ್ಲ. ಜೊತೆಗೆ ಐಪಿ ಬದಲಾದಾಗಲೆಲ್ಲ ಹೊಸ ಸರ್ಟಿಫಿಕೇಟ್ ಮಾಡಿ, ಎಲ್ಲಾ ಫೋನ್‌ಗಳಿಗೂ ಮತ್ತೆ ಹಾಕಬೇಕಾಗುತ್ತದೆ.

ಅದಕ್ಕೇ ನನ್ನ ಸಲಹೆ ಇಷ್ಟು. ತನಗೆ ತಾನೇ ಸಹಿ ಹಾಕಿಕೊಳ್ಳುವುದು ಒಂದು ಸ್ಥಳೀಯ ಸಿಎ ಆಗಿರಲಿ. ಸರ್ವರ್‌ನ ಸರ್ಟಿಫಿಕೇಟ್‌ಗೆ ಆ ಸಿಎ ಸಹಿ ಹಾಕಲಿ. ಫೋನು, ಬ್ರೌಸರು ಸಿಎ ಒಂದನ್ನೇ ನಂಬಿದರೆ ಸಾಕು. ಸರ್ವರ್ ಸರ್ಟಿಫಿಕೇಟ್ ಎಷ್ಟು ಸಲ ಬದಲಾದರೂ ಆ ಕಡೆ ಏನೂ ಮುಟ್ಟಬೇಕಿಲ್ಲ.

'ಎಂಕೆಸರ್ಟ್ -ಇನ್‌ಸ್ಟಾಲ್' ಅಂತ ಒಂದು ಸಲ ಓಡಿಸಿ. ಅದು ಸಿಎ ಮಾಡಿ, ನಿಮ್ಮ ಲ್ಯಾಪ್‌ಟಾಪ್‌ನ ನಂಬಿಕೆಯ ಪಟ್ಟಿಗೆ ಸೇರಿಸುತ್ತದೆ. ಲಿನಕ್ಸ್‌ನಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡಕ್ಕೂ ಎನ್‌ಎಸ್‌ಎಸ್ ಲೈಬ್ರರಿಯ ಸರ್ಟ್‌ಯುಟಿಲ್ ಎಂಬ ಟೂಲ್ ಮೊದಲೇ ಇರಬೇಕು. ಇಲ್ಲದಿದ್ದರೆ ಎಂಕೆಸರ್ಟ್ ಒಂದು ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತದೆ. ಆ ಎಚ್ಚರಿಕೆ ಓದದೆ ಬಿಟ್ಟವರು ಆಮೇಲೆ ಬ್ರೌಸರ್ ಮುಂದೆ ಗಂಟೆಗಟ್ಟಲೆ ಕೂರುತ್ತಾರೆ.

'ಎಂಕೆಸರ್ಟ್ -ಸಿಎರೂಟ್' ಅಂದರೆ ಸಿಎ ಇರುವ ಫೋಲ್ಡರ್ ಗೊತ್ತಾಗುತ್ತದೆ. ಅಲ್ಲಿ ಎರಡು ಫೈಲ್ ಇರುತ್ತವೆ. 'ರೂಟ್‌ಸಿಎ.ಪೆಮ್' ಹಂಚಬಹುದಾದ್ದು. 'ರೂಟ್‌ಸಿಎ-ಕೀ.ಪೆಮ್' ಯಾರಿಗೂ ಕೊಡಬಾರದ್ದು. ಇದು ಬೇರೆಯವರ ಕೈಗೆ ಸಿಕ್ಕರೆ ನಿಮ್ಮ ಲ್ಯಾಪ್‌ಟಾಪ್ ನಂಬುವಂತೆ ಯಾವ ವೆಬ್‌ಸೈಟಿನ ಹೆಸರಲ್ಲಿ ಬೇಕಾದರೂ, ನಿಮ್ಮ ಬ್ಯಾಂಕಿನ ಹೆಸರಲ್ಲೂ, ಅವರು ಸರ್ಟಿಫಿಕೇಟ್ ಮಾಡಬಹುದು. ಟೀಮಿನಲ್ಲಿ ಐದು ಜನರಿದ್ದರೆ ಐದೂ ಜನ ತಮ್ಮ ತಮ್ಮ ಸಿಎ ಮಾಡಿಕೊಳ್ಳಲಿ. ಒಬ್ಬರ ಕೀಯನ್ನು ವಾಟ್ಸ್‌ಆ್ಯಪ್‌ನಲ್ಲಿ ಎಲ್ಲರಿಗೂ ಕಳಿಸುವುದು ಬೇಡವೇ ಬೇಡ.

## ಹಂತ 2: ಆ್ಯಪ್ ಬಳಸುವ ಪ್ರತಿ ಹೆಸರನ್ನೂ ಸರ್ಟಿಫಿಕೇಟ್‌ಗೆ ಸೇರಿಸಿ

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಓದಿ.

ಆ್ಯಪ್ ಯಾವ ವಿಳಾಸಕ್ಕೆ ಕನೆಕ್ಟ್ ಆಗುತ್ತದೋ ಅದೇ ಹೆಸರು ಸರ್ಟಿಫಿಕೇಟ್‌ನ 'ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್' ಪಟ್ಟಿಯಲ್ಲಿ ಇರಬೇಕು. ಇದನ್ನು ಸ್ಯಾನ್ ಅಂತ ಕರೆಯುತ್ತಾರೆ. ಹಳೆಯ ಪಾಠಗಳಲ್ಲಿ 'ಕಾಮನ್ ನೇಮ್' ಜಾಗದಲ್ಲಿ ಹೆಸರು ಬರೆದರೆ ಸಾಕು ಅಂತ ಇರುತ್ತದೆ. ಅದು ಈಗ ನಡೆಯುವುದಿಲ್ಲ. 2017ರಲ್ಲಿ ಬಂದ ಕ್ರೋಮ್ 58ರಿಂದಲೇ ಕಾಮನ್ ನೇಮ್ ನೋಡುವುದು ನಿಂತಿದೆ. ಐಒಎಸ್ 13ರಿಂದ ಆ್ಯಪಲ್ ಕೂಡ ಸ್ಯಾನ್ ಕಡ್ಡಾಯ ಮಾಡಿತು.

ಮೊದಲು ಕಾಗದದ ಮೇಲೆ ಪಟ್ಟಿ ಮಾಡಿ. ನಮ್ಮ ಚಾಟ್ ಆ್ಯಪ್‌ಗೆ ಇಷ್ಟು ಬೇಕು:

- ಲ್ಯಾಪ್‌ಟಾಪ್ ಬ್ರೌಸರ್‌ಗೆ 'ಲೋಕಲ್‌ಹೋಸ್ಟ್' ಮತ್ತು 127.0.0.1
- ಐಪಿವಿ6ರಲ್ಲಿ ಅದೇ ಲೋಕಲ್‌ಹೋಸ್ಟ್, ಅಂದರೆ ::1
- ವೈಫೈನಲ್ಲಿರುವ ಫೋನಿಗೆ 192.168.1.20
- ಆಂಡ್ರಾಯ್ಡ್ ಎಮ್ಯುಲೇಟರ್‌ಗೆ 10.0.2.2. ಎಮ್ಯುಲೇಟರ್‌ನ ಒಳಗಿನಿಂದ ನಿಮ್ಮ ಲ್ಯಾಪ್‌ಟಾಪ್ ಕಾಣುವುದು ಈ ವಿಳಾಸದಲ್ಲಿ.

ಎಂಕೆಸರ್ಟ್‌ಗೆ ಈ ಐದನ್ನೂ ಒಂದೇ ಸಾಲಿನಲ್ಲಿ, ನಡುವೆ ಜಾಗ ಬಿಟ್ಟು ಕೊಡಿ. ಎರಡು ಫೈಲ್ ಸಿಗುತ್ತವೆ: 'ಲೋಕಲ್‌ಹೋಸ್ಟ್+4.ಪೆಮ್' ಮತ್ತು 'ಲೋಕಲ್‌ಹೋಸ್ಟ್+4-ಕೀ.ಪೆಮ್'. ಮೊದಲನೆಯ ಹೆಸರಿನ ಜೊತೆ ಇನ್ನೂ ನಾಲ್ಕಿವೆ ಅನ್ನುವುದೇ ಆ +4.

ಎಂಕೆಸರ್ಟ್ ಹಾಕಲು ಅನುಮತಿ ಇಲ್ಲದ ಕಂಪ್ಯೂಟರ್ ಆದರೆ ಓಪನ್‌ಎಸ್‌ಎಸ್‌ಎಲ್‌ನಲ್ಲೂ ಮಾಡಬಹುದು. ಆವೃತ್ತಿ 1.1.1 ಅಥವಾ ಅದಕ್ಕಿಂತ ಹೊಸದು ಇದ್ದರೆ '-ಆ್ಯಡ್‌ಎಕ್ಸ್‌ಟ್' ಆಯ್ಕೆಯಲ್ಲಿ ಸ್ಯಾನ್ ಪಟ್ಟಿ ನೇರವಾಗಿ ಕೊಡಬಹುದು. ಒಂದು ಎಚ್ಚರ ಮಾತ್ರ ಇರಲಿ. ಹೆಸರುಗಳ ಮುಂದೆ 'ಡಿಎನ್‌ಎಸ್:' ಅಂತ, ಐಪಿ ವಿಳಾಸಗಳ ಮುಂದೆ 'ಐಪಿ:' ಅಂತ ಬರೆಯಬೇಕು. ಐಪಿ ವಿಳಾಸವನ್ನು ಡಿಎನ್‌ಎಸ್ ಅಂತ ಬರೆದುಬಿಟ್ಟರೆ, ಸರ್ಟಿಫಿಕೇಟ್ ತೆರೆದು ನೋಡಿದಾಗ 192.168.1.20 ಕಣ್ಣಿಗೆ ಕಾಣುತ್ತದೆ, ಬ್ರೌಸರ್ ಮಾತ್ರ ಹೆಸರು ಹೊಂದುತ್ತಿಲ್ಲ ಅನ್ನುತ್ತದೆ. ಈ ತಪ್ಪು ಹುಡುಕುವುದು ತುಂಬಾ ಕಷ್ಟ.

ಅವಧಿಯ ವಿಷಯದಲ್ಲೂ ಜಾಗ್ರತೆ. ಹತ್ತು ವರ್ಷ ಇರಲಿ ಅಂತ 3650 ದಿನ ಕೊಡಬೇಡಿ. ಆ್ಯಪಲ್ ಸಾಧನಗಳು ಸರ್ವರ್ ಸರ್ಟಿಫಿಕೇಟ್ 825 ದಿನ ಮೀರಿದರೆ ಒಪ್ಪುವುದಿಲ್ಲ. ಅವಕ್ಕೆ 2048 ಬಿಟ್ ಅಥವಾ ದೊಡ್ಡ ಆರ್‌ಎಸ್‌ಎ ಕೀ, 'ಸರ್ವರ್ ಆಥ್' ಎಂಬ ಬಳಕೆಯ ಗುರುತು ಕೂಡ ಬೇಕು. ಎಂಕೆಸರ್ಟ್ ಇದನ್ನೆಲ್ಲ ತಾನೇ ನೋಡಿಕೊಳ್ಳುತ್ತದೆ. ಕೈಯಲ್ಲಿ ಮಾಡುವವರು ನೆನಪಿಡಬೇಕು.

ಇನ್ನು ಐಪಿ ವಿಳಾಸ. ರೌಟರ್ ಆಫ್ ಆಗಿ ಆನ್ ಆದರೆ ಲ್ಯಾಪ್‌ಟಾಪ್‌ಗೆ ಬೇರೆ ಐಪಿ ಸಿಗಬಹುದು. ನಿನ್ನೆ ನಡೆದದ್ದು ಇವತ್ತು ನಡೆಯದಿದ್ದರೆ ಮೊದಲು ಇದನ್ನೇ ನೋಡಿ. ರೌಟರ್ ಸೆಟ್ಟಿಂಗ್‌ನಲ್ಲಿ ನಿಮ್ಮ ಲ್ಯಾಪ್‌ಟಾಪ್‌ಗೆ ಒಂದೇ ಐಪಿ ಕಾಯ್ದಿರಿಸಿದರೆ ಈ ತಲೆನೋವು ಇರುವುದಿಲ್ಲ.

ಮುಂದೆ ಹೋಗುವ ಮುನ್ನ ಪರೀಕ್ಷೆ: ಓಪನ್‌ಎಸ್‌ಎಸ್‌ಎಲ್‌ನ 'ಎಕ್ಸ್509' ಕಮಾಂಡಿಗೆ ಸರ್ಟಿಫಿಕೇಟ್ ಕೊಟ್ಟು '-ಟೆಕ್ಸ್ಟ್ -ನೋಔಟ್' ಅಂತ ಓದಿಸಿ. ಸ್ಯಾನ್ ಸಾಲಿನಲ್ಲಿ ಐದೂ ವಿಳಾಸ ಇವೆಯೇ, ಐಪಿಗಳ ಮುಂದೆ 'ಐಪಿ ಅಡ್ರೆಸ್' ಅಂತಲೇ ಇದೆಯೇ, ದಿನಾಂಕ ಸರಿಯಿದೆಯೇ ನೋಡಿ.

## ಹಂತ 3: ಸರ್ವರ್‌ಗೆ ಟಿಎಲ್‌ಎಸ್ ಕೊಡಿ

ಇದು ಚಿಕ್ಕ ಹಂತ. ನೋಡ್‌ನಲ್ಲಿ ಎಚ್‌ಟಿಟಿಪಿಎಸ್ ಮಾಡ್ಯೂಲ್‌ನಿಂದ ಒಂದು ಸರ್ವರ್ ಮಾಡಿ, ಅದಕ್ಕೆ 'ಸರ್ಟ್' ಮತ್ತು 'ಕೀ' ಎರಡೂ ಫೈಲ್ ಕೊಡಿ. ಆಮೇಲೆ ಡಬ್ಲ್ಯುಎಸ್ ಲೈಬ್ರರಿಯ ವೆಬ್‌ಸಾಕೆಟ್ ಸರ್ವರ್‌ಗೆ ಪೋರ್ಟ್ ಕೊಡುವ ಬದಲು ಈ ಸರ್ವರನ್ನೇ ಕೊಡಿ. ಪೈಥಾನ್‌ನಲ್ಲಾದರೆ ಎಸ್‌ಎಸ್‌ಎಲ್ ಕಾಂಟೆಕ್ಸ್ಟ್ ಮಾಡಿ 'ಲೋಡ್ ಸರ್ಟ್ ಚೈನ್' ಕರೆದು, ಆ ಕಾಂಟೆಕ್ಸ್ಟನ್ನು ವೆಬ್‌ಸಾಕೆಟ್ಸ್ ಸರ್ವರ್‌ಗೆ ಕೊಡಬೇಕು.

ನೋಡ್ ಬಳಸುವವರು ಒಂದು ಹೆಸರಿಗೆ ಮೋಸ ಹೋಗುತ್ತಾರೆ. ಉದಾಹರಣೆ ಕೋಡ್‌ಗಳಲ್ಲಿ ವೇರಿಯೇಬಲ್‌ಗೆ 'ಡಬ್ಲ್ಯುಎಸ್‌ಎಸ್' ಅಂತ ಹೆಸರಿಟ್ಟಿರುತ್ತಾರೆ. ಅದು ವೆಬ್‌ಸಾಕೆಟ್ ಸರ್ವರ್ ಅನ್ನುವುದರ ಚಿಕ್ಕ ರೂಪ. ಸುರಕ್ಷಿತ ಅಂತ ಅರ್ಥವಲ್ಲ. ಬರೀ ಪೋರ್ಟ್ 8443 ಕೊಟ್ಟು ಆ ಹೆಸರಿಟ್ಟರೆ ಟಿಎಲ್‌ಎಸ್ ಬರುವುದಿಲ್ಲ. ಆಗ ಕ್ರೋಮ್ 'ಎಸ್‌ಎಸ್‌ಎಲ್ ಪ್ರೊಟೊಕಾಲ್ ಎರರ್' ಅನ್ನುತ್ತದೆ, ಓಪನ್‌ಎಸ್‌ಎಸ್‌ಎಲ್ 'ರಾಂಗ್ ವರ್ಷನ್ ನಂಬರ್' ಅನ್ನುತ್ತದೆ. ಈ ಎರಡರಲ್ಲಿ ಯಾವುದು ಕಂಡರೂ ಸರ್ಟಿಫಿಕೇಟ್ ತಡಕಬೇಡಿ. ಸರ್ವರ್ ಟಿಎಲ್‌ಎಸ್ ಮಾತಾಡುತ್ತಲೇ ಇಲ್ಲ ಅಂತ ಅರ್ಥ.

ಸರ್ವರ್ 127.0.0.1ರಲ್ಲಿ ಮಾತ್ರ ಕೇಳುತ್ತಿದ್ದರೆ ಫೋನ್ ಅಲ್ಲಿಗೆ ತಲುಪುವುದಿಲ್ಲ. 0.0.0.0ರಲ್ಲಿ, ಅಂದರೆ ಲ್ಯಾಪ್‌ಟಾಪ್‌ನ ಎಲ್ಲಾ ನೆಟ್‌ವರ್ಕ್ ವಿಳಾಸಗಳಲ್ಲೂ, ಕೇಳುವಂತೆ ಮಾಡಿ. ವಿಂಡೋಸ್‌ನಲ್ಲಿ ಫೈರ್‌ವಾಲ್ ಅನುಮತಿ ಕೇಳಿದಾಗ ಪ್ರೈವೇಟ್ ನೆಟ್‌ವರ್ಕ್‌ಗೆ ಒಪ್ಪಿಗೆ ಕೊಡಿ.

ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಮುಂದಿಟ್ಟು ಅದರಲ್ಲೇ ಟಿಎಲ್‌ಎಸ್ ಮುಗಿಸುವವರಿಗೆ: 'ಪ್ರಾಕ್ಸಿ ಎಚ್‌ಟಿಟಿಪಿ ವರ್ಷನ್' 1.1 ಇರಬೇಕು. 'ಅಪ್‌ಗ್ರೇಡ್' ಮತ್ತು 'ಕನೆಕ್ಷನ್' ಹೆಡರ್‌ಗಳನ್ನು ಹಿಂದಿನ ಸರ್ವರ್‌ಗೆ ದಾಟಿಸಬೇಕು. ಕನೆಕ್ಟ್ ಆಗಿ, ಸುಮ್ಮನಿದ್ದಾಗ ಸರಿಯಾಗಿ 60 ಸೆಕೆಂಡಿಗೆ ಬಿಟ್ಟುಹೋದರೆ ಅದು 'ಪ್ರಾಕ್ಸಿ ರೀಡ್ ಟೈಮ್‌ಔಟ್'ನ ಡೀಫಾಲ್ಟ್ ಮಿತಿ, ಸರ್ಟಿಫಿಕೇಟ್‌ನ ತೊಂದರೆ ಅಲ್ಲ.

## ಹಂತ 4: ಆ್ಯಪ್ ಮುಟ್ಟುವ ಮೊದಲು ಟರ್ಮಿನಲ್‌ನಲ್ಲಿ ಪರೀಕ್ಷಿಸಿ

ಎಲ್ಲರೂ ಹಾರಿಸುವ ಹಂತ ಇದು. ಇದಕ್ಕೆ ಎರಡು ನಿಮಿಷ ಕೊಟ್ಟರೆ ಒಂದು ಸಂಜೆ ಉಳಿಯುತ್ತದೆ.

ಓಪನ್‌ಎಸ್‌ಎಸ್‌ಎಲ್‌ನ 'ಎಸ್_ಕ್ಲೈಂಟ್' ಕಮಾಂಡಿಗೆ 192.168.1.20:8443 ಕೊಡಿ. '-ಸಿಎಫೈಲ್' ಆಯ್ಕೆಯಲ್ಲಿ ರೂಟ್‌ಸಿಎ.ಪೆಮ್ ಕೊಡಿ. ಕೊನೆಯಲ್ಲಿ 'ವೆರಿಫೈ ರಿಟರ್ನ್ ಕೋಡ್' ಅಂತ ಒಂದು ಸಾಲು ಬರುತ್ತದೆ. 0 ಬಂದರೆ ನಂಬಿಕೆಯ ಸರಪಳಿ ಸರಿಯಿದೆ. 10 ಅಂದರೆ ಅವಧಿ ಮುಗಿದಿದೆ. 18 ಅಂದರೆ ತನಗೆ ತಾನೇ ಸಹಿ ಹಾಕಿಕೊಂಡ ಸರ್ಟಿಫಿಕೇಟ್, ಅದನ್ನು ನಂಬಲು ನೀವು ಹೇಳಿಲ್ಲ. 20 ಅಥವಾ 21 ಅಂದರೆ ಸಹಿ ಹಾಕಿದ ಸಿಎ ಸಿಗಲಿಲ್ಲ, ಬಹುಶಃ ತಪ್ಪು ಸಿಎ ಫೈಲ್ ಕೊಟ್ಟಿದ್ದೀರಿ.

ಇಷ್ಟಕ್ಕೇ ಖುಷಿ ಪಡಬೇಡಿ. ಈ ಕಮಾಂಡ್ ತಾನಾಗಿ ಹೆಸರನ್ನು ಹೋಲಿಸಿ ನೋಡುವುದಿಲ್ಲ. '-ವೆರಿಫೈ_ಐಪಿ 192.168.1.20' ಅಂತ ಸೇರಿಸಿದಾಗಲೇ ನೋಡುತ್ತದೆ. ಹೆಸರಾದರೆ '-ವೆರಿಫೈ_ಹೋಸ್ಟ್‌ನೇಮ್'. ಆಗ 62 (ಹೆಸರು ಹೊಂದಿಲ್ಲ) ಅಥವಾ 64 (ಐಪಿ ಹೊಂದಿಲ್ಲ) ಬಂದರೆ ಹಂತ 2ಕ್ಕೆ ವಾಪಸ್ ಹೋಗಿ.

ಈಗ ಡಬ್ಲ್ಯುಎಸ್‌ಕ್ಯಾಟ್‌ಗೆ '--ಸಿಎ' ಆಯ್ಕೆಯಲ್ಲಿ ಅದೇ ಸಿಎ ಕೊಟ್ಟು ಕನೆಕ್ಟ್ ಮಾಡಿ, ಒಂದು ಸಂದೇಶ ಕಳಿಸಿ. ಉತ್ತರ ಬಂದರೆ ಸರ್ವರ್ ಕೆಲಸ ಮುಗಿಯಿತು. ಇನ್ನು ಮುಂದೆ ಏನೇ ತೊಂದರೆ ಬಂದರೂ ಅದು ಬ್ರೌಸರ್ ಅಥವಾ ಫೋನಿನ ಕಡೆಯದ್ದು. ಇಷ್ಟು ಖಚಿತವಾಗುವುದೇ ದೊಡ್ಡ ಲಾಭ.

## ಹಂತ 5: ಬ್ರೌಸರ್

ಎಂಕೆಸರ್ಟ್ ಸಿಎ ಸೇರಿಸಿದ್ದರೆ ಲ್ಯಾಪ್‌ಟಾಪ್ ಬ್ರೌಸರ್‌ನಲ್ಲಿ ಬೇರೇನೂ ಮಾಡಬೇಕಿಲ್ಲ. ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆಯಿರಿ, ಅಷ್ಟೇ.

ಬೇರೆಯವರ ಕಂಪ್ಯೂಟರ್‌ನಲ್ಲಿ ಐದು ನಿಮಿಷದ ಪರೀಕ್ಷೆ, ಸಿಎ ಹಾಕುವಂತಿಲ್ಲ ಅಂದರೆ ಒಂದು ತಾತ್ಕಾಲಿಕ ದಾರಿ ಇದೆ. ಅದೇ ಹೋಸ್ಟ್, ಅದೇ ಪೋರ್ಟನ್ನು ಎಚ್‌ಟಿಟಿಪಿಎಸ್‌ನಲ್ಲಿ ಒಂದು ಟ್ಯಾಬ್‌ನಲ್ಲಿ ತೆರೆದು, ಎಚ್ಚರಿಕೆ ದಾಟಿ ಮುಂದೆ ಹೋಗಿ. ಆಮೇಲೆ ವೆಬ್‌ಸಾಕೆಟ್ ಕೂಡ ಕನೆಕ್ಟ್ ಆಗುತ್ತದೆ. ಪೋರ್ಟ್ ಅದೇ ಇರಬೇಕು, ಏಕೆಂದರೆ ಫೈರ್‌ಫಾಕ್ಸ್ ಈ ವಿನಾಯಿತಿಯನ್ನು ಹೋಸ್ಟ್ ಮತ್ತು ಪೋರ್ಟ್ ಸೇರಿಸಿ ನೆನಪಿಡುತ್ತದೆ. ಪುಟ 5173ರಲ್ಲಿ, ಸಾಕೆಟ್ 8443ರಲ್ಲಿ ಇದ್ದರೆ ಎರಡಕ್ಕೂ ಒಪ್ಪಿಗೆ ಕೊಡಬೇಕು. ಪುಟವನ್ನೂ ಸಾಕೆಟನ್ನೂ ಒಂದೇ ಪೋರ್ಟ್‌ನಿಂದ ಕೊಟ್ಟರೆ ಈ ರಗಳೆ ಇಲ್ಲ. ಸಾಕೆಟ್ ಸರ್ವರ್ ಮಾಮೂಲಿ ಕೋರಿಕೆಗೂ 'ಸರಿ' ಅಂತ ಒಂದು ಪದ ಉತ್ತರ ಕೊಡುವ ಹಾಗೆ ಬರೆದಿಡಿ. ಇಲ್ಲದಿದ್ದರೆ ಆ ಟ್ಯಾಬ್ ಸುತ್ತುತ್ತಲೇ ಇರುತ್ತದೆ, ಕೆಲಸ ಆಯಿತೋ ಇಲ್ಲವೋ ಗೊತ್ತಾಗುವುದಿಲ್ಲ.

ಲೋಕಲ್ ಕೆಲಸಕ್ಕೆ 'ಡಾಟ್ ಡೆವ್' ಕೊನೆಯ ಹೆಸರು ಇಟ್ಟುಕೊಳ್ಳಬೇಡಿ. ಆ ಹೆಸರುಗಳಿಗೆ ಬ್ರೌಸರ್‌ಗಳು ಎಚ್‌ಟಿಟಿಪಿಎಸ್ ಕಡ್ಡಾಯ ಮಾಡುವ ಎಚ್‌ಎಸ್‌ಟಿಎಸ್ ನಿಯಮವನ್ನು ಮೊದಲೇ ಹಚ್ಚಿರುತ್ತವೆ. ಎಚ್ಚರಿಕೆ ದಾಟುವ ಬಟನ್ನೇ ಸಿಗುವುದಿಲ್ಲ. 'ಡಾಟ್ ಟೆಸ್ಟ್' ಪರೀಕ್ಷೆಗೆಂದೇ ಮೀಸಲಿಟ್ಟದ್ದು, ಅದನ್ನು ಬಳಸಿ.

## ಹಂತ 6: ಆಂಡ್ರಾಯ್ಡ್

ಬ್ರೌಸರ್‌ನಲ್ಲಿ ಎಲ್ಲ ಸರಿ, ಆ್ಯಪ್‌ನಲ್ಲಿ ಇಲ್ಲ. ಇದು ತುಂಬಾ ಜನರ ಗೋಳು. ಕಾರಣ ಸರಳ. ಆಂಡ್ರಾಯ್ಡ್ 7ರಿಂದ ಆ್ಯಪ್‌ಗಳು ಬಳಕೆದಾರರು ಸೇರಿಸಿದ ಸಿಎಯನ್ನು ತಾವಾಗಿ ನಂಬುವುದಿಲ್ಲ. ಕ್ರೋಮ್ ನಂಬುತ್ತದೆ. ಹಾಗಾಗಿ ಫೋನ್ ಸೆಟ್ಟಿಂಗ್‌ನಲ್ಲಿ ಸಿಎ ಹಾಕಿ ಕ್ರೋಮ್‌ನಲ್ಲಿ ಪರೀಕ್ಷಿಸಿದರೆ ಏನೂ ಸಾಬೀತಾಗುವುದಿಲ್ಲ.

ಸರಿಯಾದ ದಾರಿ ಹೀಗಿದೆ.

1. ರೂಟ್‌ಸಿಎ.ಪೆಮ್ ಫೈಲನ್ನು ಪ್ರಾಜೆಕ್ಟ್‌ನ 'ರೆಸ್/ರಾ' ಫೋಲ್ಡರ್‌ಗೆ ಹಾಕಿ. ಹೆಸರು 'ಡೆವ್_ಸಿಎ.ಪೆಮ್' ಅಂತ ಬದಲಿಸಿ. ಇಲ್ಲಿ ಇಂಗ್ಲಿಷ್‌ನ ದೊಡ್ಡ ಅಕ್ಷರ ನಡೆಯುವುದಿಲ್ಲ, ಬಿಲ್ಡ್ ನಿಂತುಹೋಗುತ್ತದೆ.
2. 'ರೆಸ್/ಎಕ್ಸ್‌ಎಂಎಲ್'ನಲ್ಲಿ ನೆಟ್‌ವರ್ಕ್ ಸೆಕ್ಯುರಿಟಿ ಕಾನ್ಫಿಗ್ ಫೈಲ್ ಮಾಡಿ. ಅದರ 'ಡಿಬಗ್ ಓವರ್‌ರೈಡ್ಸ್' ಒಳಗೆ 'ಟ್ರಸ್ಟ್ ಆ್ಯಂಕರ್ಸ್', ಅದರೊಳಗೆ ನಿಮ್ಮ ಸಿಎ ಫೈಲಿನ ಹೆಸರು.
3. ಮ್ಯಾನಿಫೆಸ್ಟ್‌ನ 'ಅಪ್ಲಿಕೇಶನ್' ಟ್ಯಾಗ್‌ನಲ್ಲಿ ಈ ಫೈಲನ್ನು ಹೆಸರಿಸಿ. ಇದನ್ನು ಮರೆತರೆ ಮೇಲಿನ ಎರಡೂ ವ್ಯರ್ಥ.

'ಡಿಬಗ್ ಓವರ್‌ರೈಡ್ಸ್' ಒಳಗೇ ಬರೆಯಿರಿ ಅಂತ ನಾನು ಒತ್ತಿ ಹೇಳುತ್ತೇನೆ. ಡಿಬಗ್ ಮಾಡಬಹುದಾದ ಬಿಲ್ಡ್‌ನಲ್ಲಿ ಮಾತ್ರ ಅದು ಕೆಲಸ ಮಾಡುತ್ತದೆ. ರಿಲೀಸ್ ಬಿಲ್ಡ್ ತಾನಾಗಿಯೇ ಅದನ್ನು ಬಿಟ್ಟುಬಿಡುತ್ತದೆ. ಏನನ್ನಾದರೂ ತೆಗೆಯಲು ಮರೆಯುವ ಭಯವೇ ಇಲ್ಲ. ಫೋನ್ ಸೆಟ್ಟಿಂಗ್‌ನಲ್ಲಿ ಸಿಎ ಹಾಕುವ ಅಗತ್ಯವೂ ಇಲ್ಲ. ಆಂಡ್ರಾಯ್ಡ್ ಆ್ಯಪ್‌ಗಳು ಬಳಸುವ ಓಕೆಎಚ್‌ಟಿಟಿಪಿ ಎಂಬ ನೆಟ್‌ವರ್ಕ್ ಲೈಬ್ರರಿ ಇದನ್ನು ಪಾಲಿಸುತ್ತದೆ. ರಿಯಾಕ್ಟ್ ನೇಟಿವ್‌ನ ವೆಬ್‌ಸಾಕೆಟ್ ಆಂಡ್ರಾಯ್ಡ್‌ನಲ್ಲಿ ಓಕೆಎಚ್‌ಟಿಟಿಪಿ ಮೇಲೆಯೇ ನಿಂತಿರುವುದರಿಂದ ಅಲ್ಲೂ ಸಾಕು.

ಫ್ಲಟರ್ ಬೇರೆ. ಅದರ ಭಾಷೆ ಡಾರ್ಟ್ ತನ್ನದೇ ಟಿಎಲ್‌ಎಸ್ ಬಳಸುತ್ತದೆ. ಸಿಎ ಫೈಲನ್ನು ಅಸೆಟ್ ಆಗಿ ಸೇರಿಸಿ, ಅದರ ಬೈಟ್‌ಗಳನ್ನು 'ಸೆಕ್ಯುರಿಟಿ ಕಾಂಟೆಕ್ಸ್ಟ್'ಗೆ ಕೊಡಿ. ಆ ಕಾಂಟೆಕ್ಸ್ಟ್ ಇರುವ 'ಎಚ್‌ಟಿಟಿಪಿ ಕ್ಲೈಂಟ್' ಮಾಡಿ, ವೆಬ್‌ಸಾಕೆಟ್ ಕನೆಕ್ಟ್ ಮಾಡುವಾಗ 'ಕಸ್ಟಮ್ ಕ್ಲೈಂಟ್' ಆಗಿ ಕೊಡಿ. ಇದನ್ನೆಲ್ಲ ಡಿಬಗ್ ಮೋಡ್ ಪರೀಕ್ಷೆಯೊಳಗೆ ಇಡಿ. 'ಬ್ಯಾಡ್ ಸರ್ಟಿಫಿಕೇಟ್ ಕಾಲ್‌ಬ್ಯಾಕ್'ನಲ್ಲಿ ಯಾವಾಗಲೂ 'ಟ್ರೂ' ಕೊಡುವ ಸಾಲು ಬೇಡ.

ಐಪಿಯ ಗೊಡವೆಯೇ ಬೇಡ ಅನ್ನುವವರಿಗೆ ಒಂದು ಒಳ್ಳೆಯ ಉಪಾಯ: 'ಎಡಿಬಿ ರಿವರ್ಸ್' ಕಮಾಂಡಿನಲ್ಲಿ ಫೋನಿನ 8443 ಪೋರ್ಟನ್ನು ಲ್ಯಾಪ್‌ಟಾಪ್‌ನ 8443ಕ್ಕೆ ಜೋಡಿಸಿ. ಆಗ ಆ್ಯಪ್ ಫೋನಿನಲ್ಲೂ ಲೋಕಲ್‌ಹೋಸ್ಟ್ ಅಂತಲೇ ಕನೆಕ್ಟ್ ಆಗುತ್ತದೆ. ಹಾಸ್ಟೆಲ್, ಕೆಫೆಗಳ ವೈಫೈನಲ್ಲಿ ಸಾಧನಗಳು ಒಂದನ್ನೊಂದು ನೋಡದ ಹಾಗೆ ತಡೆದಿರುತ್ತಾರೆ. ಅಲ್ಲಿ ಯುಎಸ್‌ಬಿ ಕೇಬಲ್ ಮತ್ತು ಈ ಕಮಾಂಡ್ ನಿಮ್ಮನ್ನು ಕಾಪಾಡುತ್ತವೆ.

## ಹಂತ 7: ಐಫೋನ್

ರೂಟ್‌ಸಿಎ.ಪೆಮ್ ಫೈಲನ್ನು ಏರ್‌ಡ್ರಾಪ್ ಅಥವಾ ಮೇಲ್ ಮೂಲಕ ಕಳಿಸಿ. ಸೆಟ್ಟಿಂಗ್ಸ್‌ನಲ್ಲಿ ಪ್ರೊಫೈಲ್ ಇನ್‌ಸ್ಟಾಲ್ ಮಾಡಿ. ಮುಗಿಯಿತು ಅಂದುಕೊಳ್ಳಬೇಡಿ. ಜನರಲ್, ಅಬೌಟ್, ಆಮೇಲೆ ಪುಟದ ತಳದಲ್ಲಿ 'ಸರ್ಟಿಫಿಕೇಟ್ ಟ್ರಸ್ಟ್ ಸೆಟ್ಟಿಂಗ್ಸ್' ತೆರೆದು ನಿಮ್ಮ ಸಿಎಗೆ ಪೂರ್ತಿ ನಂಬಿಕೆಯ ಸ್ವಿಚ್ ಆನ್ ಮಾಡಬೇಕು. ಐಫೋನ್‌ನಲ್ಲಿ ಆಗುತ್ತಿಲ್ಲ ಅನ್ನುವವರಿಗೆ ನಾನು ಮೊದಲು ಕೇಳುವುದೇ ಈ ಸ್ವಿಚ್ ಬಗ್ಗೆ. ಸಿಮ್ಯುಲೇಟರ್ ಆದರೆ ಸಿಎ ಫೈಲನ್ನು ಅದರ ಕಿಟಕಿಯ ಮೇಲೆ ಎಳೆದು ಬಿಡಿ.

## ಕೆಂಪು ದೀಪಗಳು

'ಅಥಾರಿಟಿ ಇನ್‌ವ್ಯಾಲಿಡ್' ಅಂದರೆ ಸಿಎಯನ್ನು ಈ ಸಾಧನ ನಂಬಿಲ್ಲ. 'ಕಾಮನ್ ನೇಮ್ ಇನ್‌ವ್ಯಾಲಿಡ್' ಅಂದರೆ ಸ್ಯಾನ್ ಪಟ್ಟಿಯಲ್ಲಿ ಹೆಸರಿಲ್ಲ. ಎರರ್‌ನ ಹೆಸರು ಹಳೆಯದು, ಅದನ್ನು ನೋಡಿ ಕಾಮನ್ ನೇಮ್ ತಿದ್ದಲು ಹೋಗಬೇಡಿ. 'ಕನೆಕ್ಷನ್ ರೆಫ್ಯೂಸ್ಡ್' ಅಥವಾ ಟೈಮ್‌ಔಟ್ ಬಂದರೆ ಸರ್ಟಿಫಿಕೇಟ್‌ವರೆಗೆ ಮಾತೇ ಹೋಗಿಲ್ಲ, ಪೋರ್ಟ್ ಮತ್ತು ಫೈರ್‌ವಾಲ್ ನೋಡಿ. ಸರ್ಟಿಫಿಕೇಟ್ ಇನ್ನೂ ಚಾಲ್ತಿಗೆ ಬಂದಿಲ್ಲ ಎಂಬ ಎರರ್ ಬಂದರೆ ಫೋನ್ ಅಥವಾ ಎಮ್ಯುಲೇಟರ್‌ನ ಗಡಿಯಾರ ಹಿಂದಿದೆ.

ನೋಡ್‌ನಲ್ಲಿ ಬರೆದ ಕ್ಲೈಂಟ್ ಇದ್ದರೆ 'ನೋಡ್ ಎಕ್ಸ್‌ಟ್ರಾ ಸಿಎ ಸರ್ಟ್ಸ್' ಎಂಬ ಎನ್ವಿರಾನ್‌ಮೆಂಟ್ ವೇರಿಯೇಬಲ್‌ನಲ್ಲಿ ಸಿಎಯ ದಾರಿ ಕೊಡಿ. ಪ್ರೋಗ್ರಾಂ ಶುರುವಾಗುವ ಮೊದಲೇ ಕೊಡಬೇಕು. ಕೋಡ್‌ನ ಒಳಗಿನಿಂದ ಕೊಟ್ಟರೆ ನೋಡ್ ಅದನ್ನು ಓದುವುದಿಲ್ಲ. ಡಾಕರ್ ಕಂಟೇನರ್‌ಗೆ ನಿಮ್ಮ ಲ್ಯಾಪ್‌ಟಾಪ್‌ನ ಸಿಎ ಗೊತ್ತಿರುವುದಿಲ್ಲ, ಅದರೊಳಗೆ ಬೇರೆಯಾಗಿಯೇ ಹಾಕಬೇಕು.

## ಹಂತ 8: ಬಿಡುಗಡೆಗೆ ಮುನ್ನ ಗುಡಿಸಿ ಸ್ವಚ್ಛ ಮಾಡಿ

ಇಡೀ ಪ್ರಾಜೆಕ್ಟ್‌ನಲ್ಲಿ ಮೂರು ಹೆಸರು ಹುಡುಕಿ: 'ರಿಜೆಕ್ಟ್ ಅನ್‌ಆಥರೈಸ್ಡ್', 'ಬ್ಯಾಡ್ ಸರ್ಟಿಫಿಕೇಟ್ ಕಾಲ್‌ಬ್ಯಾಕ್', 'ಎಕ್ಸ್509 ಟ್ರಸ್ಟ್ ಮ್ಯಾನೇಜರ್'. ಪರಿಶೀಲನೆ ಆಫ್ ಮಾಡುವ ಸಾಲು ಎಲ್ಲೇ ಸಿಕ್ಕರೂ ತೆಗೆದುಹಾಕಿ. ಅದಿದ್ದರೆ ಬಸ್ ಸ್ಟ್ಯಾಂಡಿನ ಉಚಿತ ವೈಫೈನಲ್ಲಿ ನಡುವೆ ಕೂತವರು ಯಾವುದೋ ಒಂದು ಸರ್ಟಿಫಿಕೇಟ್ ತೋರಿಸಿದರೂ ಆ್ಯಪ್ ಒಪ್ಪಿಬಿಡುತ್ತದೆ. ನಿಮ್ಮ ಬಳಕೆದಾರರ ಸಂದೇಶಗಳೆಲ್ಲ ಅವರಿಗೆ ಕಾಣುತ್ತವೆ. ಎಲ್ಲವನ್ನೂ ನಂಬುವ ಟ್ರಸ್ಟ್ ಮ್ಯಾನೇಜರ್ ಇರುವ ಆ್ಯಪನ್ನು ಗೂಗಲ್ ಪ್ಲೇ ಕೂಡ ತಡೆಯುತ್ತದೆ.

ನಿಜವಾದ ಸರ್ವರ್‌ಗೆ ಡೊಮೇನ್ ಹೆಸರು ತೆಗೆದುಕೊಂಡು ಲೆಟ್ಸ್ ಎನ್‌ಕ್ರಿಪ್ಟ್‌ನಂಥ ಸಾರ್ವಜನಿಕ ಸಿಎಯಿಂದ ಉಚಿತ ಸರ್ಟಿಫಿಕೇಟ್ ಪಡೆಯಿರಿ. ಆ್ಯಪ್‌ನಲ್ಲಿ ಬದಲಾಗಬೇಕಾದ್ದು ವಿಳಾಸ ಒಂದೇ.

'.ಪೆಮ್' ಫೈಲುಗಳನ್ನು ಗಿಟ್ ಇಗ್ನೋರ್ ಪಟ್ಟಿಗೆ ಸೇರಿಸಿ. ಪ್ರೈವೇಟ್ ಕೀ ಈಗಾಗಲೇ ಒಮ್ಮೆ ಕಮಿಟ್ ಆಗಿದ್ದರೆ ಫೈಲ್ ಅಳಿಸಿದರೆ ಸಾಲದು, ಹಳೆಯ ಕಮಿಟ್‌ಗಳಲ್ಲಿ ಅದು ಇರುತ್ತದೆ. ಹೊಸ ಕೀ ಮಾಡಿಕೊಳ್ಳಿ. ಪ್ರಾಜೆಕ್ಟ್ ಪೂರ್ತಿ ಮುಗಿದ ಮೇಲೆ 'ಎಂಕೆಸರ್ಟ್ -ಅನ್‌ಇನ್‌ಸ್ಟಾಲ್' ಓಡಿಸಿ. ಪರೀಕ್ಷೆಗೆಂದು ಸ್ನೇಹಿತರ, ಮನೆಯವರ ಫೋನ್‌ಗಳಿಗೆ ಸಿಎ ಹಾಕಿದ್ದರೆ ಒಂದೊಂದರಿಂದಲೂ ನೆನಪಿಟ್ಟು ತೆಗೆಯಿರಿ. ಐಫೋನ್‌ನಲ್ಲಿ ಆ ಪ್ರೊಫೈಲನ್ನು ಅಳಿಸಿದರೆ ಅದರ ಜೊತೆ ನಂಬಿಕೆಯೂ ಹೋಗುತ್ತದೆ.